ಈಜು ಕೋಚ್ ಮುಂದೆ ನಮ್ಮವರ ಜಾಣತನ

ನೋಡಿ ಮಾರಾಯ್ರೇ, ನಮ್ಮ ಯಜಮಾನರು ಇವತ್ತು ಮಗಳ ಈಜು ಸ್ಕಾಲರ್‌ಶಿಪ್‌ಗೆ ಎಳ್ಳುನೀರು ಬಿಟ್ಟರು!

ಓದಿಗೆ ಹೆಸರಾದ ಅಮೆರಿಕದ ಕಾಲೇಜೊಂದರ ಈಜು ಕೋಚ್ ವಿಡಿಯೊ ಕಾಲ್‌ನಲ್ಲಿ, “ಈ ವರ್ಷ ಪ್ರಾಕ್ಟೀಸ್ ಹೇಗಿದೆ?” ಎಂದು ಮಗಳನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಇವರು ನಡುವೆ ತಲೆ ತೂರಿಸಿ, “ಟ್ವೆಲ್ತ್ ನೋ ಸರ್, ಸ್ವಿಮ್ಮಿಂಗ್ ಫುಲ್ ಸ್ಟಾಪ್. ಓನ್ಲಿ ಸ್ಟಡೀಸ್!” ಎಂದುಬಿಟ್ಟರು.

ಪರೀಕ್ಷೆಯ ವರ್ಷ ಈಜು ಎಂದರೆ ಸಿಡುಕುವ ಉಡುಪಿಯ ನಮ್ಮತ್ತೆಗಾಗಿ ನಾವಿಬ್ಬರೂ ಕಟ್ಟಿದ ಸುಳ್ಳು ಅದು. ಹುಡುಗಿಯನ್ನು ದಿನಾ ಬೆಳಿಗ್ಗೆ ಇಲ್ಲಿ ನಾವಿರುವ ಖಾಲಿದಿಯಾ ಬಡಾವಣೆಯ ಈಜುಕೊಳಕ್ಕೆ ಕರೆದೊಯ್ಯುವವಳೇ ನಾನು!

“ಡ್ಯಾಡ್, ಖಲಾಸ್!” ಎಂದು ಮಗಳು ಎದ್ದುಹೋದಳು.

“ಓದುವ ಹುಡುಗಿ ಅಂತ ಗೊತ್ತಾಗ್ಲಿ ಅಂತ ಹೇಳಿದ್ದು ಮಾರಾಯ್ತಿ” ಎಂದರು ಇವರು.

ಈಗ ಕೂತು ಕೋಚ್‌ಗೆ ನಿಜ ಬರೆಯುತ್ತಿದ್ದೇನೆ. ಅತ್ತೆಗೆ ಮಾತ್ರ ಯಾರೂ ಹೇಳಬೇಡಿ.