ಸ್ಕೀ ಬೂಟು ಹಾಕಿದವರೆಲ್ಲ ಕುಂಟುತ್ತಾರೆ

ಸ್ಕೀ ಬೂಟು ಹಾಕಿದವರೆಲ್ಲ ಕುಂಟುತ್ತಾರೆ. ಈ ಸತ್ಯವನ್ನು ಕಂಡುಹಿಡಿದವನು ನಾನು. ಅದೂ ಮೈಸೂರಿನ ಮನೆಯಲ್ಲಿ ಕೂತು, ಫೋನಿನಲ್ಲಿ ಯಾವುದೋ ವಿಡಿಯೊ ನೋಡುತ್ತಾ. ಹಿಮದ ಮೇಲೆ ಹಕ್ಕಿಯ ಹಾಗೆ ಜಾರಿ ಬರುವ ಜನ, ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಟಪ್ ಟಪ್ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾರೆ. ನೋಡಿದ ತಕ್ಷಣ ನನಗೆ ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗಲೆಲ್ಲ ನನ್ನ ಹೆಂಡತಿ ಅಡುಗೆಮನೆಯಿಂದಲೇ "ಏನು ನಗ್ತಿದ್ದೀರ?" ಎಂದು ಕೇಳುತ್ತಾಳೆ. ಅವತ್ತೂ ಕೇಳಿದಳು.

ನನ್ನ ತಂಗಿಯ ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಎಡಗಾಲಿನ ಮೂಳೆಗೆ ಸೋಂಕಾಯಿತು. ಜೀವ ಉಳಿಯಿತು, ಕಾಲೂ ಉಳಿಯಿತು. ಆದರೆ ಬಲಗಾಲು ಬೆಳೆದ ವೇಗಕ್ಕೆ ಎಡಗಾಲು ಬೆಳೆಯಲಿಲ್ಲ. ಪಾದವೂ ಚಿಕ್ಕದು. ಚಪ್ಪಲಿ ಅಂಗಡಿಗೆ ಹೋದರೆ ಎರಡು ಜೋಡಿ ಕೊಂಡು, ಒಂದರ ಬಲ, ಇನ್ನೊಂದರ ಎಡ ಇಟ್ಟುಕೊಳ್ಳುತ್ತಾನೆ. ನಡೆಯುವಾಗ ಸ್ವಲ್ಪ ವಾಲುತ್ತಾನೆ, ಅಷ್ಟೇ. ಮೈಸೂರಿನಲ್ಲಿ ಅದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ. ಓದಿ, ಇಂಜಿನಿಯರಾಗಿ, ನೆದರ್‌ಲ್ಯಾಂಡ್ಸಿನ ನೂರ್ಡ್‌ವೈಕ್ ಸೇರಿದ. ಅಲ್ಲಿ ಉಪಗ್ರಹಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಅವನ ಬುದ್ಧಿವಂತಿಕೆ ಸೋದರಮಾವನ ಕಡೆಯಿಂದ ಬಂದದ್ದು ಎಂದು ನಾನು ಹೇಳುವುದಿಲ್ಲ, ಊರವರು ಹೇಳುತ್ತಾರೆ.

ಕೊರೊನಾ ಬಂದ ಮೇಲೆ ಅಲ್ಲಿನ ಕನ್ನಡಿಗರು ಯುಗಾದಿಯನ್ನು ಆನ್‌ಲೈನಿನಲ್ಲಿ ಮಾಡಿದರು. ಅಲ್ಲಿ ಇವನಿಗೆ ಧಾರವಾಡದ ಒಬ್ಬ ಹುಡುಗಿಯ ಪರಿಚಯವಾಯಿತು. ಅದೇ ದೇಶದ ಇನ್ನೊಂದು ತುದಿಯ ಮಾಸ್ಟ್ರಿಕ್ಟ್‌ನಲ್ಲಿ ಓದುತ್ತಿದ್ದಳು. ದಿನಾ ವಿಡಿಯೊ ಕಾಲ್. ಒಂದು ವರ್ಷ ಮಾತಾಡಿದರು. ಎರಡೂ ಮನೆಯವರಿಗೆ ತಿಳಿಯಿತು, ಯಾರೂ ಬೇಡ ಅನ್ನಲಿಲ್ಲ. ಆದರೆ ವಿಡಿಯೊ ಕಾಲಿನಲ್ಲಿ ಮನುಷ್ಯ ಎದೆಯವರೆಗೆ ಮಾತ್ರ ಇರುತ್ತಾನೆ. ಕಾಲಿನ ವಿಷಯ ಇವನು ಹೇಳಿರಲಿಲ್ಲ. ಅವಳು ಭೇಟಿಯಾಗೋಣ ಎಂದಾಗಲೆಲ್ಲ ಇವನಿಗೆ ಒಂದು ನೆಪ ಸಿಗುತ್ತಿತ್ತು. ಒಮ್ಮೆ ಲಾಕ್‌ಡೌನ್, ಒಮ್ಮೆ ಕರ್ಫ್ಯೂ, ಒಮ್ಮೆ ಪಕ್ಕದ ಮನೆಯವರಿಗೆ ಪಾಸಿಟಿವ್. ಇಡೀ ಜಗತ್ತು ಕೊರೊನಾಕ್ಕೆ ಶಾಪ ಹಾಕುತ್ತಿದ್ದರೆ ನನ್ನ ಅಳಿಯ ಅದರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ.

ಮೂರನೇ ಅಲೆ ಇಳಿಯಿತು. ಎಲ್ಲ ಬಾಗಿಲು ತೆರೆದವು. ಅವಳು ಒಂದೇ ಮಾತು ಹೇಳಿದಳಂತೆ: "ನಾನು ವೀಕೆಂಡಿಗೆ ಸ್ಕೀ ಹಾಲ್‌ನ್ಯಾಗ ಕೆಲಸ ಮಾಡ್ತೀನಿ. ಶನಿವಾರ ಬಾ. ಬರಲಿಲ್ಲಂದ್ರ ಮತ್ತ ಫೋನ್ ಮಾಡಬ್ಯಾಡ."

ಅದೇ ಶನಿವಾರ ನಾನು ನೆದರ್‌ಲ್ಯಾಂಡ್ಸಿನದೇ ಇನ್ನೊಂದು ಊರು ಹಾರ್ಲೆಮ್‌ನಲ್ಲಿರುವ ಮಗಳ ಮನೆಗೆಂದು ವಿಮಾನದಲ್ಲಿ ಬಂದಿಳಿಯುವವನಿದ್ದೆ. ತಂಗಿ ಫೋನಿನಲ್ಲಿ ಅತ್ತಳು. "ಅಣ್ಣ, ನೀನು ಅವನ ಜೊತೆ ಹೋಗು. ಅವನೊಬ್ಬನೇ ಹೋದ್ರೆ ಅರ್ಧ ದಾರಿಗೆ ವಾಪಸ್ ಬಂದ್ಬಿಡ್ತಾನೆ."

ಹೀಗೆ ನಾನು ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಮಗಳ ಮನೆಗೆ ಹೋಗಲಿಲ್ಲ. ಮಗಳು ಬಂದು ನನ್ನ ಸೂಟ್‌ಕೇಸುಗಳನ್ನು ಕಾರಿಗೆ ಹಾಕಿಕೊಂಡು, "ಎಪ್ಪತ್ತು ದಾಟಿದೆ ಅಪ್ಪ ನಿಮಗೆ, ರಾತ್ರಿಯೆಲ್ಲ ನಿದ್ದೆ ಇಲ್ಲ," ಎಂದು ಬೈದು ಹೋದಳು. ನಾನು ಕೈಚೀಲವೊಂದನ್ನು ಮಾತ್ರ ಇಟ್ಟುಕೊಂಡೆ. ಅದರಲ್ಲಿ ದಪ್ಪ ಉಣ್ಣೆಯ ಕಾಲುಚೀಲ ಮೂರು ಜೊತೆ ಇದ್ದವು.

ನಿಲ್ದಾಣದ ಕೆಳಗೇ ರೈಲು. ಅಲ್ಲಿ ಕಾಯುತ್ತಿದ್ದ ಅಳಿಯನ ಜೊತೆ ಹತ್ತಿದೆ. ಉಟ್ರೆಕ್ಟ್ ದಾಟುವವರೆಗೂ ಅಳಿಯ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಹೊರಗೆ ನೋಡಲಿಕ್ಕೇನಿತ್ತು? ಕಾಲುವೆ, ಹುಲ್ಲು, ದನ, ಮತ್ತೆ ಕಾಲುವೆ. ದೋಸೆ ಕಾವಲಿಯಷ್ಟು ಚಪ್ಪಟೆ ನೆಲ. ನಮ್ಮ ಚಾಮುಂಡಿ ಬೆಟ್ಟವನ್ನು ತಂದು ಇಲ್ಲಿಟ್ಟರೆ ಈ ಜನ ಟಿಕೆಟ್ ಕೊಟ್ಟು ನೋಡುತ್ತಾರೆ.

"ಇಲ್ಲಿ ಸ್ಕೀ ಎಲ್ಲೋ ಮಾಡ್ತಾರೆ? ಹಸುವಿನ ಬೆನ್ನ ಮೇಲಾ?"

"ಮಾವ, ಮೆಲ್ಲಗೆ. ಇದು ಸೈಲೆಂಟ್ ಕೋಚ್."

ಕಿಟಕಿಯ ಮೇಲೆ ನಿಜಕ್ಕೂ ಹಾಗೆ ಬರೆದಿತ್ತು. ಎದುರಿನ ಹೆಂಗಸು ಮಾಸ್ಕಿನ ಮೇಲಿಂದ ನನ್ನನ್ನು ನೋಡಿ ಆ ಬರಹದ ಕಡೆ ಬೆರಳು ತೋರಿಸಿದಳು. ನಾನು ಎರಡೂ ಕೈ ಮುಗಿದೆ. ಅವಳೂ ಗಲಿಬಿಲಿಯಾಗಿ ಕೈ ಮುಗಿದಳು. ನಾನೂ ಅಳಿಯನೂ ಎದ್ದು ಪಕ್ಕದ ಬೋಗಿಗೆ ಹೋದೆವು, ಅಲ್ಲಿ ಕೂತು ಉಪಾಯ ಬಿಚ್ಚಿಟ್ಟೆ.

"ನೋಡು. ಹೋದ ತಕ್ಷಣ ಬೂಟ್ ಬಾಡಿಗೆಗೆ ತಗೋ. ಎರಡೂ ನಲವತ್ತೆರಡನೇ ಸೈಜೇ ತಗೋ. ಎಡಗಾಲಿಗೆ ಈ ಮೂರು ಸಾಕ್ಸ್ ತುಂಬು. ಆಮೇಲೆ ಅವಳ ಮುಂದೆ ಆರಾಮಾಗಿ ಓಡಾಡು. ಅಲ್ಲಿ ಎಲ್ರೂ ಕುಂಟ್ತಾ ಇರ್ತಾರೆ. ನಿನ್ನ ಯಾರು ನೋಡ್ತಾರೆ?"

"ಆಮೇಲೆ?"

"ಆಮೇಲೆ ಏನು ಆಮೇಲೆ? ನಿನ್ನ ಅತ್ತೇನ ನೋಡಕ್ಕೆ ಹೋದಾಗ ನಾನು ಏನ್ ಮಾಡಿದ್ದೆ ಗೊತ್ತಾ? ಗಂಡಿನ ಕುರ್ಚಿಲಿ ನನ್ನ ಫ್ರೆಂಡನ್ನ ಕೂರಿಸಿ, ನಾನು ಡ್ರೈವರ್ ಥರ ಬಾಗಿಲ ಹತ್ರ ನಿಂತಿದ್ದೆ. ಉಪ್ಪಿಟ್ಟು ಕೇಸರಿಬಾತು ಎಲ್ಲ ಅವನಿಗೆ! ಕೊನೆಗೆ ಅವಳು ಕಾಫಿ ತಂದು ಸೀದಾ ನನ್ನ ಕೈಗೆ ಕೊಟ್ಲು."

"ಅಂದ್ರೆ ಅತ್ತೆಗೆ ಗೊತ್ತಾಗಿತ್ತು."

"ಗೊತ್ತಾಗ್ದೆ ಇರುತ್ತಾ? ನನ್ನಂಥ ಕಳೆ ಡ್ರೈವರಿಗೆಲ್ಲಿಂದ ಬರುತ್ತೆ?"

ಅವನು ನಗಲಿಲ್ಲ. ಸಿಟ್ಟಾರ್ಡ್ ಎಂಬಲ್ಲಿ ಇಳಿದು ಲೋಕಲ್ ರೈಲು ಹಿಡಿಯಬೇಕಿತ್ತು. ಅದು ಬೇರೆ ಕಂಪನಿಯ ರೈಲು. ಇಳಿದವರು ಒಂದು ಕಂಬಕ್ಕೆ ರೈಲಿನ ಕಾರ್ಡ್ ತೋರಿಸಿ ಹಳೆ ಪ್ರಯಾಣ ಮುಗಿಸಬೇಕು, ಪಕ್ಕದ ಇನ್ನೊಂದು ಕಂಬಕ್ಕೆ ತೋರಿಸಿ ಹೊಸದು ಶುರು ಮಾಡಬೇಕು. ಅಳಿಯ ಮೊದಲ ಕಂಬಕ್ಕೆ ತೋರಿಸಿದ. ಎರಡನೆಯದರ ಮುಂದೆ ಕಾರ್ಡ್ ಹಿಡಿದು ನಿಂತೇಬಿಟ್ಟ. ಆಚೆ ಪ್ಲಾಟ್‌ಫಾರಂನಲ್ಲಿ ಸ್ಕಿಪೋಲ್ ಕಡೆಗೆ ಹೋಗುವ ರೈಲು ಬಾಗಿಲು ತೆರೆದುಕೊಂಡಿತ್ತು.

"ಅವಳು ಬೇಡ ಅಂದ್ರೆ ಪರವಾಗಿಲ್ಲ ಮಾವ," ಎಂದ. "ನೋಡಿದ ಮೇಲೆ ಪಾಪ ಅಂದ್ಬಿಟ್ರೆ? ಪಾಪ ಅಂತ ಒಪ್ಕೊಂಡ್ಬಿಟ್ರೆ?"

ನಾನು ಅವನ ಮೊಣಕೈಯನ್ನು ಹಿಂದಿನಿಂದ ತಳ್ಳಿದೆ. ಕಾರ್ಡ್ ಕಂಬಕ್ಕೆ ತಾಗಿ ಪಿಪ್ ಎಂದಿತು. "ನೋಡು, ದುಡ್ಡು ಕಟ್ಟಾಯ್ತು. ಇನ್ನು ಹತ್ತಲೇಬೇಕು."

ಪುಟ್ಟ ರೈಲು. ಎರಡು ನಿಮಿಷಕ್ಕೊಂದು ಸ್ಟೇಷನ್ ಎನ್ನುವ ಹಾಗೆ ನಿಲ್ಲುತ್ತಾ ಹೋಯಿತು. ಹತ್ತಿದವರೆಲ್ಲ ಒಬ್ಬರನ್ನೊಬ್ಬರು ಬಲ್ಲವರ ಹಾಗೆ ಹಲೋ ಹೇಳಿಕೊಳ್ಳುತ್ತಿದ್ದರು. ನಿಧಾನವಾಗಿ ನೆಲ ಏರುತ್ತಿರುವುದು ತಿಳಿಯಿತು. ಹೊಲಗಳು ಓರೆಯಾದವು. ಮನೆಗಳು ಒಂದರ ಮೇಲೊಂದು ಕಾಣಿಸತೊಡಗಿದವು. ಲ್ಯಾಂಡ್‌ಗ್ರಾಫ್ ಎಂಬಲ್ಲಿ ಇಳಿದಾಗ ಎದುರಿಗೆ ಒಂದು ಗುಡ್ಡವೇ ಇತ್ತು. ಅದು ಹುಟ್ಟಿದ ಗುಡ್ಡವಲ್ಲ, ಹಿಂದೆ ಇಲ್ಲಿ ಕಲ್ಲಿದ್ದಲು ಗಣಿ ಇದ್ದಾಗ ತೆಗೆದು ಸುರಿದ ಕಲ್ಲುಮಣ್ಣು ಎಂದು ಅಳಿಯ ಹೇಳಿದ. ಅದರ ಇಳಿಜಾರಿನ ಮೇಲೆ ಉದ್ದಕ್ಕೆ ಮಾಡು ಕಟ್ಟಿ, ಒಳಗೆ ಹಿಮ ತಯಾರಿಸಿ ಹರಡಿದ್ದಾರೆ. ಬೆಟ್ಟವೂ ನಕಲಿ, ಹಿಮವೂ ನಕಲಿ! ನನಗೆ ಈ ಜನರ ಮೇಲೆ ಗೌರವ ಹೆಚ್ಚಾಯಿತು.

ಒಳಗೆ ಹೋದರೆ ನನ್ನ ಸಂಶೋಧನೆ ಕಣ್ಣೆದುರಿಗೇ ಓಡಾಡುತ್ತಿತ್ತು. ಅಜ್ಜಂದಿರು, ಹೆಂಗಸರು, ಆರಡಿ ಗಂಡಸರು, ಎಲ್ಲರೂ ದಪ್ಪ ಬೂಟು ಹಾಕಿಕೊಂಡು ಟಪ್ ಟಪ್ ಟಪ್. ನಾನು ಅಳಿಯನ ಪಕ್ಕೆಗೆ ತಿವಿದೆ. "ನೋಡಿದ್ಯಾ? ಒಬ್ಬನಾದ್ರೂ ನೆಟ್ಟಗೆ ನಡೀತಿದ್ದಾನಾ?" ಮೊದಲ ಸಲ ಅವನ ಕಣ್ಣು ನಕ್ಕಿತು. ಬೂಟು ಕೊಡುವ ಕೌಂಟರಿನ ಸಾಲಿನಲ್ಲಿ ನಿಂತೆವು. ನಮ್ಮ ಹಿಂದೆ ಒಬ್ಬ ಎತ್ತರದ ಡಚ್ಚಪ್ಪ ಎರಡು ಮಕ್ಕಳ ಜೊತೆ ನಿಂತಿದ್ದ.

ಆ ಹುಡುಗಿ ಇಲ್ಲಿ ಮಕ್ಕಳಿಗೆ ಸ್ಕೀ ಹೇಳಿಕೊಡುತ್ತಾಳೆ ಎಂದು ನಾನು ಊಹಿಸಿದ್ದೆ. ನಮ್ಮ ಸರದಿ ಬಂದಾಗ ಅಳಿಯ ಕಲ್ಲಾಗಿ ನಿಂತ. ಕೌಂಟರಿನ ಆಚೆ ಬೂಟು ಕೊಡುತ್ತಿದ್ದವಳು ಅವಳೇ.

"ಕಡೀಗೂ ಬಂದೀ," ಎಂದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಅರಳಿದ್ದವು. ನನ್ನ ಕಡೆ ತಿರುಗಿ, "ನಮಸ್ಕಾರ ರೀ ಅಂಕಲ್. ಪ್ರವಾಸ ಆರಾಮ ಆತೇನ್ರಿ?" ಎಂದು ಕೇಳಿದಳು. ಆಮೇಲೆ ಕೆಲಸದ ಅಭ್ಯಾಸದಲ್ಲೇ ಕೇಳಿದಳು. "ಸೈಜ್?"

ಅಳಿಯ ತಲೆ ತಗ್ಗಿಸಿ ತನ್ನ ಕಾಲನ್ನೇ ನೋಡಿಕೊಂಡ. ಇಂಥ ಹೊತ್ತಿಗೇ ತಾನೇ ನನ್ನನ್ನು ಕಳಿಸಿದ್ದು? ನಾನು ಮುಂದೆ ಬಿದ್ದೆ. "ನಲವತ್ತೆರಡು ಕಣಮ್ಮ! ನಲವತ್ತೆರಡು!"

ಅವಳು ಹಿಂದಿನ ಕಪಾಟಿಗೆ ಕೈ ಚಾಚಿದಳು.

"ಬಲಗಾಲು ನಲವತ್ತೆರಡು," ಎಂದ ಅಳಿಯ. ದನಿ ಎಷ್ಟು ಸಣ್ಣದಿತ್ತೆಂದರೆ ಅವಳು ತಿರುಗಿ ಬಾಗಬೇಕಾಯಿತು. "ಎಡಗಾಲು ಮೂವತ್ತೊಂಬತ್ತು."

ಅವಳು ಬಾಗಿದಲ್ಲೇ ನಿಂತಳು. ಕೌಂಟರಿನ ಮೇಲಿಂದ ಅವನ ಕಾಲುಗಳನ್ನು ನೋಡಿದಳು. ಅವನು ಕೌಂಟರನ್ನು ಹಿಡಿದುಕೊಂಡಿದ್ದ.

"ಯಾವಾಗಿಂದ?"

"ನಾಲ್ಕು ವರ್ಷದವನಿದ್ದಾಗಿಂದ."

"ಒಂದು ವರ್ಷ ಮಾತಾಡೇವಿ ನಾವು. ನಿನ್ನ ಕುಕ್ಕರಿನ ಗ್ಯಾಸ್ಕೆಟ್ ಹೋದದ್ದು ನನಗ ಗೊತ್ತದ. ನಿಮ್ಮ ಮ್ಯಾನೇಜರನ ಹೆಂಡತಿ ಸಿಟ್ಟು ಮಾಡಿಕೊಂಡದ್ದು ಗೊತ್ತದ. ಇದನ್ನ ಯಾಕ ಹೇಳಲಿಲ್ಲ?"

"ಹೇಳ್ಬೇಕು ಅಂತ..."

"ಅಂತ ಏನು? ನಾ ಏನು ಹುಲೀನ? ತಿಂತೀನಿ ಏನು ನಿನ್ನ? ನಾ ಏನಂತೀನಿ ಅನ್ನೋದನ್ನ ನೀನ ಕುಂತು ಠರಾಯಿಸಿಬಿಟ್ಟಿ. ನನ್ನ ಕೇಳೋದ ಬ್ಯಾಡ?"

ಹಿಂದಿನ ಡಚ್ಚಪ್ಪ ಕೆಮ್ಮಿದ. ಕೊರೊನಾ ಕಾಲದಲ್ಲಿ ಕೆಮ್ಮಿದರೆ ಕೇಳಬೇಕೆ? ಸುತ್ತಲಿನವರೆಲ್ಲ ತಿರುಗಿ ಅವನನ್ನೇ ನೋಡಿದರು. ಹುಡುಗಿ ಎರಡು ಜೋಡಿ ಬೂಟು ಕೆಳಗಿಳಿಸಿದಳು. ಒಂದರಿಂದ ಬಲ, ಇನ್ನೊಂದರಿಂದ ಎಡ ತೆಗೆದಳು. "ಹೋಗಿ ಆ ಬೆಂಚಿನ ಮ್ಯಾಲೆ ಕುಂದ್ರು. ಹಾಕ್ಕೊಂಡು ನೋಡು. ಬೂಟು ಬಿಗಿ ಇರಬೇಕು. ನೋವಾದ್ರ ನೋವಾಗ್ತದ ಅಂತ ಹೇಳು. ಸುಳ್ಳ ಹೇಳಬ್ಯಾಡ ಮತ್ತ."

ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಜೀವಮಾನವಿಡೀ ಜನರನ್ನು ಯಾಮಾರಿಸಿದವನಿಗೆ ಮುಖ ಓದುವುದು ಗೊತ್ತಿರುತ್ತದೆ, ಅರ್ಧ ಮುಖವಾದರೂ ಸಾಕು. ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು. ಪಾಪ ಎನ್ನುವವರು ಹೀಗೆ ಬಯ್ಯುವುದಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅದು ಮುಖದಲ್ಲಿ ಕಂಡಿತೇನೋ.

"ಅಂಕಲ್, ನಲವತ್ತೆರಡು ಅಂತ ಒದರಿದ್ದು ನಿಮ್ಮ ಐಡಿಯಾ ಹೌದಿಲ್ರೀ?"

"ಐಡಿಯಾಗಳೆಲ್ಲ ನಂದೇ ಕಣಮ್ಮ. ನಮ್ಮ ಮನೇಲಿ ಬೇರೆಯವರಿಗೆ ಬರಲ್ಲ."

"ನಿಮ್ಮ ಪಾದ ಎಷ್ಟರದು?"

"ಮೂವತ್ತೊಂಬತ್ತು. ಯಾಕೆ?"

ಉಳಿದಿದ್ದ ಎರಡು ಬೂಟುಗಳನ್ನು ಅವಳು ನನ್ನ ಮುಂದೆ ತಳ್ಳಿದಳು. ಬಲಕ್ಕೆ ಮೂವತ್ತೊಂಬತ್ತು, ಎಡಕ್ಕೆ ನಲವತ್ತೆರಡು. "ಒಡೆದ ಜೋಡಿ ವಾಪಸ್ ಇಡಂಗಿಲ್ರೀ. ನೀವ ಹಾಕ್ಕೋರಿ."

ಹಾಗೆಂದು ನಿಯಮ ಇರಲಿಕ್ಕಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಹಾಕಿಕೊಂಡೆ. ಬಲಗಾಲು ಸರಿಯಾಗಿ ಕೂತಿತು, ಎಡಗಾಲು ಬಕೆಟ್ಟಿನಲ್ಲಿ ಇಟ್ಟ ಹಾಗಿತ್ತು. ತಂದ ಕಾಲುಚೀಲವನ್ನೆಲ್ಲ ತುಂಬಿದರೂ ತುಂಬಲಿಲ್ಲ. ನಾಲ್ಕು ಹೆಜ್ಜೆ ಇಟ್ಟೆ. ಅಷ್ಟು ಜನ ಓಡಾಡುತ್ತಿದ್ದ ಆ ಹಾಲಿನಲ್ಲಿ, ಮಕ್ಕಳು ಬೆರಳು ಮಾಡಿ ತೋರಿಸುವ ಹಾಗೆ ಕುಂಟುತ್ತಿದ್ದವನು ನಾನೊಬ್ಬನೇ. ಅಳಿಯ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಬಿಡುವು ಸಿಕ್ಕಾಗ ಅವಳು ಅವನನ್ನು ಒಳಗೆ ಕರೆದುಕೊಂಡು ಹೋದಳು. ಹೊಸಬರಿಗೆಂದು ಪುಟ್ಟ ಇಳಿಜಾರು ಬೇರೆ ಇದೆ. ನಾನು ಕಟಕಟೆ ಹಿಡಿದು ನಿಂತೆ. ಫ್ರಿಜ್ಜಿನೊಳಗೆ ನಿಂತ ಹಾಗಿತ್ತು. ಅವನು ಹತ್ತು ಅಡಿ ಜಾರಿದ, ಬಿದ್ದ. ಅವಳು ಎತ್ತಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು, ಯಾವ ಕಾಲು ಮೊದಲು, ಯಾವ ಕೈ ಎಲ್ಲಿ ಎಂದು ಹೇಳಿಕೊಟ್ಟಳು. ಎದ್ದ. ಮತ್ತೆ ಬಿದ್ದ. ಮತ್ತೆ ಹೇಳಿದಳು. ಒಂದು ಸಲ ಅವನೇ ಏನೋ ಹೇಳಿದ, ಅವಳು ಅವನ ಎದುರಿಗೆ ಹಿಮದ ಮೇಲೆ ಕೂತೇಬಿಟ್ಟಳು. ಇಬ್ಬರೂ ಹಾಗೇ ಕೂತು ಬಹಳ ಹೊತ್ತು ಮಾತಾಡಿದರು. ಹತ್ತಿರ ಹೋಗಿ ಕೇಳಿಸಿಕೊಳ್ಳದೆ ಬಿಡುವ ಜಾತಿಯವನಲ್ಲ ನಾನು. ಆದರೆ ಆ ಎಡಗಾಲಿನ ಬೂಟು ಬಿಡಲಿಲ್ಲ.

ಹೊರಗೆ ಬಂದ ಮೇಲೆ ಅವಳು ಕೇಳಿದಳು. "ನಿಮ್ಮ ತಂಗೀಗೆ ಏನು ಹೇಳ್ತೀರಿ ಅಂಕಲ್?"

"ನೀನು ಏನು ಹೇಳು ಅಂತೀಯೋ ಅದು."

"ನನಗ ಇನ್ನೂ ಸಿಟ್ಟು ಇಳದಿಲ್ಲಂತ ಹೇಳ್ರಿ. ಮುಂದಿನ ಶನಿವಾರ ನಾ ರಜಾ ಹಾಕಿ ನೂರ್ಡ್‌ವೈಕಿಗೆ ಹೊಂಟೇನಿ ಅಂತನೂ ಹೇಳ್ರಿ."

ಅವಳ ಕೆಲಸ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ಅಳಿಯ ನನ್ನ ಜೊತೆ ಹೊರಡಲು ಜಾಕೆಟ್ ಹಾಕಿಕೊಂಡ. "ಎಲ್ಲಿಗೋ ಹೊರಟೆ ದಡ್ಡ? ಕೂತ್ಕೊ ಇಲ್ಲೇ," ಎಂದು ಗದರಿಸಿ, ಇದು ನೆದರ್‌ಲ್ಯಾಂಡ್ಸಿಗೆ ನನ್ನ ಮೂರನೇ ಸವಾರಿ ಎಂದು ನೆನಪಿಸಿ, ಒಬ್ಬನೇ ಲೋಕಲ್ ಹತ್ತಿದೆ.

ಕೂತ ತಕ್ಷಣ ತಂಗಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ರಾತ್ರಿ ಊಟದ ಹೊತ್ತು. ಒಂದೇ ರಿಂಗಿಗೆ ಎತ್ತಿದಳು.

"ಹೇಳಿದ ಕಣೇ. ಅವನೇ ಹೇಳಿದ, ನನ್ನ ಮಾತು ಅರ್ಧಕ್ಕೆ ಕತ್ತರಿಸಿ ಹೇಳಿದ."

"ಪಾಪ ಅಂದ್ಲಾ ಅಣ್ಣ?"

"ಇಲ್ಲ. ಬೈದ್ಲು."

"ಬೈದ್ಲಾ?"

"ಎಲ್ಲರ ಮುಂದೆ, ಸರಿಯಾಗಿ ಬೈದ್ಲು. ಇನ್ನೂ ಸಿಟ್ಟು ಇಳಿದಿಲ್ವಂತೆ. ಮುಂದಿನ ಶನಿವಾರ ಇವನ ಊರಿಗೆ ಬಂದು ಮಿಕ್ಕಿದ್ದು ಬೈತಾಳಂತೆ."

"ಏನಂತ ಬೈದ್ಲು? ಒಂದೂ ಬಿಡದೆ ಹೇಳು."

ನಾನು ಧಾರವಾಡದ ರಾಗದಲ್ಲೇ ಹೇಳಿದೆ, ಕೈ ಬಾಯಿ ತಿರುಗಿಸಿ, ನನ್ನದೂ ಒಂದೆರಡು ಮಾತು ಸೇರಿಸಿ. ತಂಗಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ರೈಲು ಒಂದು ಸ್ಟೇಷನ್ನಿನಲ್ಲಿ ನಿಂತಿತು, ಜನ ಹಲೋ ಹೇಳಿ ಹತ್ತಿದರು, ರೈಲು ಹೊರಟಿತು.

"ಇನ್ನೊಂದು ಸಲ ಹೇಳು," ಎಂದಳು.