ರಕ್ತದ ಕಲೆಗೆ ತಣ್ಣೀರು

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಸ್ವಾಮಿ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿ ಹೇಳಿಕೊಳ್ಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಲ್ಲಿ ನೀರು ಬೇಗ ಬಂತು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯಲಿಲ್ಲ, ಇಂಥವೇ. ನಂಜುಂಡೇಶ್ವರನ ಮುಂದೆ ದೊಡ್ಡದನ್ನು ಬೇಡುವ ಧೈರ್ಯ ನನಗಿಲ್ಲ. ಹೋದ ವರ್ಷ ಒಂದು ಸೋಮವಾರ ಮಾತ್ರ ಎಣಿಸಲು ಕೂತವಳು ಬಾಯಿ ಬಾರದೆ ಎದ್ದುಬಿಟ್ಟೆ.

ನನಗೆ ಕೊಲೆ ಪಿಕ್ಚರ್ ಅಂದರೆ ಹುಚ್ಚು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಭಜನೆಗೆ ಹೋಗುವ ಹೆಂಗಸು, ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ, ಮುಖವಾಡದವನೊಬ್ಬ ಮಚ್ಚು ಹಿಡಿದು ಹಾಸ್ಟೆಲ್ ಹುಡುಗಿಯರನ್ನು ಅಟ್ಟಿಸಿಕೊಂಡು ಹೋಗುವುದನ್ನು ಮೊಬೈಲಿನಲ್ಲಿ ನೋಡುತ್ತಾಳೆ ಅಂದರೆ ಯಾರು ನಂಬುತ್ತಾರೆ? ಕಡಿಮೆ ದುಡ್ಡಿನಲ್ಲಿ ತೆಗೆದ ಆ ಪಿಕ್ಚರನ್ನು ನಾನು ಎರಡು ಸಲ ನೋಡಿದ್ದೆ. ಅದರ ಎರಡನೇ ಭಾಗ ತಿ. ನರಸೀಪುರದ ಟಾಕೀಸಿಗೆ ಬಂತು. ನಮ್ಮ ನಂಜನಗೂಡಿನಲ್ಲಾದರೆ ಹೆಜ್ಜೆಗೊಬ್ಬರು ಗುರುತಿನವರು. ನರಸೀಪುರದಲ್ಲಿ ನನ್ನನ್ನು ಕೇಳುವವರು ಯಾರು ಅಂದುಕೊಂಡೆ.

ಪಕ್ಕದ ಮನೆಯವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ತೀರಿಹೋಗಿದ್ದಾನೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡಿದ್ದಾಳೆ. ಆ ಅತ್ತೆಯ ತವರು ಸೋಸಲೆ. ಮಲಗಿದಲ್ಲಿಂದ ಅವರು ಕೇಳುವುದು ಒಂದೇ, ತವರಿನ ಕಡೆಯ, ತಿ. ನರಸೀಪುರದ ಸಂಗಮದ ನೀರು. ಸೊಸೆ ತಿಂಗಳಿಗೊಂದು ಸೋಮವಾರ ಹೋಗಿ ಒಂದು ಬಾಟಲಿ ತುಂಬಿ ತರುತ್ತಿದ್ದಳು. ಬೆಳಿಗ್ಗೆ ಒಂದು ಚಮಚ ಸೊಸೆಯ ಕೈಯಿಂದ ಬಾಯಿಗೆ ಬಿದ್ದ ಮೇಲೇ ಮುದುಕಿಗೆ ಕಾಫಿ.

ಆ ಸೋಮವಾರ ನಾನೂ ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಪಿಕ್ಚರಿನ ವಿಷಯ ತೆಗೆದೆ. ರಕ್ತ ಕಂಡರೆ ತನಗೆ ತಲೆ ಸುತ್ತುತ್ತದೆ, ಬೇಡ ಅಂದಳು. ಮ್ಯಾಟ್ನಿ ಮುಗಿಸಿಕೊಂಡು ಹೋಗೋಣ, ಹೊಳೆ ಎಲ್ಲಿಗೆ ಓಡಿಹೋಗುತ್ತೆ ಅಂದೆ. ನನ್ನ ಮಾತು ತೆಗೆದುಹಾಕುವವಳಲ್ಲ. ಟಾಕೀಸಿನಲ್ಲಿ ಮೊದಲಿಂದ ಕೊನೆಯವರೆಗೂ ಕಣ್ಣಿಗೆ ಸೆರಗು ಮುಚ್ಚಿ, ಖಾಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಪಿಕ್ಚರ್ ಮೊದಲನೆಯದರಷ್ಟಿರಲಿಲ್ಲ. ಒಂದೇ ಮೆಟ್ಟಿಲ ಮೇಲೆ ಮೂವರನ್ನು ಕೊಂದರು. ಮುಂದೆ ಯಾರು ಸಾಯುತ್ತಾರೆ ಅಂತ ಹಿಂದಿನ ಸಾಲಿನವರು ಮೊದಲೇ ಕೂಗಿ ಹೇಳುತ್ತಿದ್ದರು. ನನಗೆ ತಡೆಯಲಾಗದ್ದು ಬೇರೆ. ಆ ನಾಯಕಿ ರಕ್ತವಾದ ಬಿಳಿ ಸೀರೆಯನ್ನು ಹಬೆಯಾಡುವ ಬಿಸಿನೀರಿಗೆ ಅದ್ದುತ್ತಾಳೆ, ಬೆಳಗಾಗುವುದರಲ್ಲಿ ಸೀರೆ ಮಲ್ಲಿಗೆ ಹೂವಿನಂತಿದೆ. ರಕ್ತದ ಕಲೆಗೆ ಬಿಸಿನೀರು ತಾಕಿಸಿದರೆ ಅದು ಅಲ್ಲೇ ಕೂತುಬಿಡುತ್ತದೆ ಅಂತ ಬಟ್ಟೆ ಒಗೆಯುವ ಯಾವ ಹೆಂಗಸಿಗೆ ಗೊತ್ತಿಲ್ಲ? ಆದರೂ ಸುಳ್ಳೇಕೆ, ನಾನು ಚೆನ್ನಾಗಿಯೇ ಹೆದರಿದೆ, ಖುಷಿಯೂ ಪಟ್ಟೆ.

ಹೊರಗೆ ಬಂದರೆ ಮೈಕು ಹಿಡಿದ ಒಬ್ಬ ಹುಡುಗಿ, ಮೊಬೈಲು ಹಿಡಿದ ಒಬ್ಬ ಗಂಡಸು. ಯೂಟ್ಯೂಬಿಗೆ ಪ್ರೇಕ್ಷಕರ ಅಭಿಪ್ರಾಯ ಕೇಳುತ್ತಿದ್ದರು. ಒಬ್ಬಾತ ಫಸ್ಟ್ ಪಾರ್ಟ್ ಸೂಪರ್, ಇದು ವೇಸ್ಟ್ ಅಂದ. ಇನ್ನೊಬ್ಬ, ಅದು ರಕ್ತವಲ್ಲ, ಮದುವೆಮನೆ ಶರಬತ್ತು ಅಂದ. ಮೈಕು ನನ್ನ ಕಡೆ ತಿರುಗಿತು. ವಿಭೂತಿ ನೋಡಿಯೇ ಇರಬೇಕು, ಹುಡುಗಿಗೆ ನಗು.

"ಅಮ್ಮಾ, ನೀವೂ ಇಂಥ ಪಿಕ್ಚರ್ ನೋಡ್ತೀರಾ?"

ಬಿಸಿನೀರಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಭಜನೆಯವರು ನೋಡಿದರೆ ಅನ್ನಿಸಿತು. ಪಕ್ಕದಲ್ಲಿದ್ದವಳ ತೋಳು ಹಿಡಿದು ಮುಂದಕ್ಕೆ ಎಳೆದೆ.

"ಅಯ್ಯೋ, ಇವಳು ಎಳ್ಕೊಂಡು ಬಂದ್ಲು ಕಣಮ್ಮ. ನಾವು ದೇವ್ರು ದಿಂಡ್ರು ಅಂತ ಇರೋರು. ಇದ್ರ ಹುಚ್ಚು ಇವಳಿಗೆ."

ಮೊಬೈಲು ಅವಳ ಮುಖಕ್ಕೆ ಹೋಯಿತು. ಪಿಕ್ಚರ್ ಹೇಗಿತ್ತು ಅಂತ ಕೇಳಿದರು. ಅವಳು ನನ್ನನ್ನು ಒಮ್ಮೆ ನೋಡಿ, "ಚೆನ್ನಾಗಿತ್ತು" ಅಂದಳು. ಒಂದು ಗಳಿಗೆಯೂ ಕಣ್ಣು ಬಿಟ್ಟು ನೋಡದ ಪಿಕ್ಚರಿಗೆ.

ಆಮೇಲೆ ಹೊಳೆಗೆ ಹೋದೆವು. ಅವಳು ಬಾಟಲಿ ತುಂಬಿದಳು, ನಾನು ಕಾಲು ತೊಳೆದೆ. ದೀಪದ ಮುಂದೆ ಬಾಯಿ ಬಾರದ ಸಂಜೆ ಅದೇ.

ಎರಡು ದಿನದಲ್ಲಿ ವಿಡಿಯೊ ಬೀದಿಯ ಮೊಬೈಲುಗಳಿಗೆಲ್ಲ ಬಂತು. ಕೆಳಗೆ ಜನ ಅವಳ ಬಗ್ಗೆ ಬರೆದದ್ದನ್ನು ಓದಿದೆ. ಪಾರ್ಟ್ ತ್ರೀಗೆ ಈ ಆಂಟಿಯೇ ವಿಲನ್ ಅಂತ ಒಬ್ಬರು. ಈಕೆಯ ಗಂಡ ಹುಷಾರಾಗಿರಲಿ ಅಂತ ಇನ್ನೊಬ್ಬರು. ಅದನ್ನು ಓದಿ ಮೊಬೈಲನ್ನು ಬೋರಲು ಮಗುಚಿಟ್ಟೆ.

ಆ ವಾರವೇ ಅವರ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಬಾಟಲಿ ತುಂಬಿದ ಹಾಗೆಯೇ ಬಿಸಿಲಿಗೆ ಕೂತಿತ್ತು. ಏನೇ ಇದು ಅಂತ ಕೇಳಿದೆ. "ಬೇಡ್ವಂತೆ ಕಣಕ್ಕ" ಅಂದು ಒಳಗೆ ಹೋದಳು. ಆಮೇಲೆ ಬೀದಿಯವರಿಂದ ಗೊತ್ತಾಯಿತು, ಅವಳ ನಾದಿನಿ ಬಂದವಳು ಅತ್ತೆಗೆ ವಿಡಿಯೊ ತೋರಿಸಿದ್ದಳಂತೆ. ಗಂಡ ಸತ್ತವಳು ಹೊಳೆಯ ಹೆಸರು ಹೇಳಿ ಟಾಕೀಸು ಸುತ್ತುತ್ತಾಳೆ ಅಂದಿದ್ದಳಂತೆ. ಅಂದಿನಿಂದ ಮುದುಕಿ ಸೊಸೆಯ ಕೈಯ ಚಮಚಕ್ಕೆ ಬಾಯಿ ತೆರೆದಿರಲಿಲ್ಲ. ಇವಳು ನನ್ನ ಹೆಸರು ಎತ್ತಿರಲಿಲ್ಲ.

ತಕ್ಷಣ ಹೋಗಿ ಹೇಳಿದೆ ಅಂತ ಬರೆಯುವ ಹಾಗಿದ್ದರೆ ಚೆನ್ನಾಗಿತ್ತು. ನನಗೆ ಇನ್ನೂ ಎಂಟು ದಿನ ಬೇಕಾಯಿತು. ಎಂಟು ದಿನವೂ ದೇವಸ್ಥಾನಕ್ಕೆ ತಪ್ಪದೆ ಹೋಗಿದ್ದೇನೆ.

ಒಂಬತ್ತನೇ ದಿನ ಮಂಚದ ಪಕ್ಕ ನೆಲದ ಮೇಲೆ ಕೂತು, ಕರೆದುಕೊಂಡು ಹೋದವಳು ನಾನು, ಹುಚ್ಚು ನನ್ನದು, ಅವಳು ಬಂದದ್ದು ನಿಮ್ಮ ನೀರಿಗೆ ಅಂತ ಹೇಳಿದೆ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. 

"ಇಷ್ಟು ದಿನ ನಾನು ಆ ಕೈನ ನೀರು ಕುಡೀಲಿಲ್ಲ ಕಣವ್ವ" ಅಂದರು ಮುದುಕಿ, ಸೂರು ನೋಡುತ್ತಾ. ಆಮೇಲೆ ನನ್ನ ಕಡೆ ತಿರುಗಿದರು. "ನೀನು ದಿನಾ ಈ ಬಾಗ್ಲು ಮುಂದೇನೇ ಗುಡಿಗೆ ಓಗ್ತಿದ್ದೆ."

ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಮುದುಕಿ ಸೊಸೆಯನ್ನು ಕರೆದು ಬಾಯಿ ತೆರೆದರು. ಅವಳು ಕುಡಿಸುವಾಗ ಅರ್ಧ ನೀರು ಮುದುಕಿಯ ಕತ್ತಿನ ಮೇಲೆ ಹರಿಯಿತು, ಸೆರಗಿನಿಂದ ಒರೆಸಿದಳು.

ಗೇಟಿನವರೆಗೆ ಬಂದವಳು ಮೆಲ್ಲಗೆ ಅಂದಳು: "ಅತ್ತೆಗೆ ಹೇಳಿದ್ರಿ, ಸರಿ ಅಕ್ಕ. ಮೊಬೈಲಲ್ಲಿ ಅದು ಹಂಗೇ ಐತಲ್ಲ."

ಆ ಮಧ್ಯಾಹ್ನ ಒಂದೊಂದೇ ಅಕ್ಷರ ಒತ್ತಿ, ನನ್ನ ಹೆಸರಿನಲ್ಲೇ, ಆ ವಿಡಿಯೊದ ಕೆಳಗೆ ಬರೆದೆ. ಮಾತಾಡಿರುವ ವಿಭೂತಿಯ ಹೆಂಗಸು ನಾನು. ಹೇಳಿದ್ದು ಸುಳ್ಳು. ಪಿಕ್ಚರ್ ನೋಡಲು ಅವಳನ್ನು ಎಳೆದುಕೊಂಡು ಹೋದವಳು ನಾನೇ, ಅವಳನ್ನು ಆಡಿಕೊಳ್ಳಬೇಡಿ. ಇಷ್ಟು ಬರೆದ ಮೇಲೆ, ಅಂದು ಮೈಕಿಗೆ ಹೇಳಬೇಕಾಗಿದ್ದ ಅಭಿಪ್ರಾಯವನ್ನೂ ಸೇರಿಸಿದೆ. ರಕ್ತದ ಕಲೆಗೆ ಬಿಸಿನೀರು ಹಾಕಬಾರದು, ತಣ್ಣೀರಿನಲ್ಲಿ ನೆನೆಸಬೇಕು.

ಉತ್ತರಗಳು ಬಂದವು, ಎಲ್ಲವೂ ಕಲೆಯದ್ದೇ. ನಮ್ಮಮ್ಮನೂ ಹೀಗೇ ಹೇಳ್ತಾರೆ ಅಂತ ಒಬ್ಬರು. ತಣ್ಣೀರಿಗೆ ಉಪ್ಪನ್ನೂ ಹಾಕಬೇಕು ಅಂತ ಒಬ್ಬರು. ಡೈರೆಕ್ಟರಿಗೆ ಬಟ್ಟೆ ಒಗೆಯುವುದು ಕಲಿಸಿ ಅಂತ ಮತ್ತೊಬ್ಬರು. ನನ್ನ ಸುಳ್ಳಿನ ಬಗ್ಗೆ ಯಾರೂ ಒಂದು ಮಾತು ಬರೆಯಲಿಲ್ಲ.

ಮುಂದಿನ ತಿಂಗಳು ಅವಳು ಬಾಟಲಿ ಹಿಡಿದು ಒಬ್ಬಳೇ ಬಸ್ಸಿಗೆ ಹೋದಳು. ಕಿಟಕಿಯಿಂದ ನೋಡಿದೆ, ಕೂಗಲಿಲ್ಲ. ಅದರ ಮುಂದಿನ ತಿಂಗಳು ಗೇಟಿನ ಹತ್ತಿರ ನಿಂತು, "ಬತ್ತೀರಾ?" ಅಂದಳು. ಇಬ್ಬರೂ ಬಸ್ಸಿಳಿದು ನೇರ ಹೊಳೆಗೆ ನಡೆದೆವು. ಮಂಡಿಯುದ್ದ ನೀರಿನಲ್ಲಿ ಬಗ್ಗಿ ಬಾಟಲಿ ತುಂಬುತ್ತಾ, ನನ್ನ ಮುಖ ನೋಡದೆ ಅವಳು ಅಂದಳು:

"ಉಪ್ಪೂ ಹಾಕ್ಬೇಕಂತಲ್ಲಕ್ಕ, ರಕ್ತದ ಕಲೆಗೆ."

ನಾನು ಬರೆದದ್ದನ್ನೂ ಓದಿದ್ದಳು. ನಾನು ಹೂಂ ಅಂದೆ. ಬಾಟಲಿಯ ಮುಚ್ಚಳ ನನ್ನ ಕೈಯಲ್ಲಿತ್ತು, ಅದನ್ನೇ ನೋಡುತ್ತಾ ನಿಂತಿದ್ದೆ.