ಜಯಕ್ಕ ದಾರಿ ಹೇಳುತ್ತಿದ್ದ ಊರು

ಜಯಕ್ಕ ನೀರಿನ ಮೇಲೆ ದಾರಿ ಹೇಳುವಾಗ ಎಡ, ಬಲ ಅನ್ನುತ್ತಿರಲಿಲ್ಲ. 'ಗುಡಿ ದಾಟಿದ್ಮೇಲೆ ಒಸಿ ಒಳಕ್ಕೆ ತಿರುಗಿಸ್ಲಾ' ಎನ್ನುತ್ತಿದ್ದರು. 'ಬಾವಿ ತಾವ ನಿಲ್ಲು, ಮುಂದಕ್ಕೆ ಓಗ್ಬೇಡ' ಎನ್ನುತ್ತಿದ್ದರು. ಸುತ್ತ ಎತ್ತ ನೋಡಿದರೂ ನೀರು, ಅದರಾಚೆ ಬೋಳು ಬಂಡೆಗುಡ್ಡಗಳು. ಗುಡಿಯೂ ಕಾಣದು, ಬಾವಿಯೂ ಕಾಣದು. ಅವೆಲ್ಲ ನಮ್ಮ ದೋಣಿಗಳ ಕೆಳಗಿದ್ದವು. ಹಾಗಂತ ನಾವೆಲ್ಲ ನಂಬಿದ್ದೆವು.

ಮಾಗಡಿ ಕಡೆಯ ಒಂದು ಅಣೆಕಟ್ಟಿನ ಹಿನ್ನೀರು ಅದು. ಹಾರೋಹಳ್ಳಿ, ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಕಂಪನಿಗಳು ತಮ್ಮ ಕೆಲಸಗಾರರನ್ನು ಬಸ್ಸಿನಲ್ಲಿ ತುಂಬಿಸಿ ಒಂದು ದಿನದ ಸಾಹಸದ ಆಟಕ್ಕೆ ಕಳಿಸುವುದು ಆಗಷ್ಟೇ ಶುರುವಾಗಿತ್ತು. ದಂಡೆಯ ಮೇಲೆ ನಾಲ್ಕು ಡೇರೆ, ಬಂಡೆ ಹತ್ತಿಸಲು ಹಗ್ಗ, ನೀರಿಗೆ ಕಯಾಕ್ ದೋಣಿಗಳು. ಇಷ್ಟೇ ನಮ್ಮ ಕ್ಯಾಂಪು. ನಾನು ಮರಳವಾಡಿಯವನು. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸಿ ಅಂಟಿಸಿ ಬೇಸತ್ತು, ಇನ್‌ಸ್ಟ್ರಕ್ಟರ್ ಆಗುತ್ತೇನೆಂದು ಇಲ್ಲಿಗೆ ಬಂದಿದ್ದೆ. 'ಒಳ್ಳೆ ಕೆಲ್ಸ ಬುಟ್ಟು ದೋಣಿ ನೂಕಕ್ಕೆ ಓಯ್ತಾನಂತೆ' ಎಂದು ಅಪ್ಪ ನನ್ನ ಜೊತೆ ಮಾತು ನಿಲ್ಲಿಸಿದ್ದರು. ನಾನು ಉಳಿಯಬೇಕೋ ಕಾರ್ಖಾನೆಗೆ ವಾಪಸ್ಸಾಗಬೇಕೋ ಎಂಬುದು ಜಯಕ್ಕನ ಕೈಯಲ್ಲಿತ್ತು. ನೀರಿನ ತರಬೇತಿಗೆಲ್ಲ ಅವರೇ ಹಿರಿಯರು.

ಕುಳ್ಳಗೆ, ದಪ್ಪ ತೋಳಿನ ಹೆಂಗಸು. ಚೂಡಿದಾರದ ಮೇಲೆ ಲೈಫ್ ಜಾಕೆಟ್ಟು ತೊಟ್ಟು, ಜಡೆಯನ್ನು ಅದರೊಳಗೆ ತೂರಿಸಿ, ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹುರಿಗಡಲೆ ಇಟ್ಟುಕೊಂಡೇ ನೀರಿಗಿಳಿಯುತ್ತಿದ್ದರು. ನಮ್ಮನ್ನೆಲ್ಲ ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ನಾನು 'ಮರಳವಾಡಿ'. ಕಂಪನಿಯ ಮ್ಯಾನೇಜರು ಜಾಕೆಟ್ಟಿನ ಬಕಲ್ಲು ಹಾಕದೆ ಮೀಸೆ ತಿರುವಿಕೊಂಡು ನಿಂತರೆ, 'ಸಾಯೇಬ್ರೆ, ಮೀನಿಗೆ ನಿಮ್ಮ ಪೋಸ್ಟು ಗೊತ್ತಾಗಕಿಲ್ಲ, ಆಕ್ಕೊಳಿ' ಎಂದು ತಾವೇ ಬಿಗಿದುಬಿಡುತ್ತಿದ್ದರು. ಮ್ಯಾನೇಜರೂ ನಗಬೇಕು, ಹಾಗೆ.

ಆ ನೀರಿನಡಿ ಅವರ ಊರಿತ್ತು. ಅಣೆಕಟ್ಟು ತುಂಬುವಾಗ ಅವರು ಅವ್ವನ ಸೊಂಟದ ಮೇಲಿದ್ದ ಕೂಸು. ಮನೆಯವರು ಮಾಗಡಿ ಪೇಟೆ ಸೇರಿದರು. ಬೆಳೆದ ಮೇಲೆ ಜಯಕ್ಕ ಈಜು ಕಲಿತು, ಕ್ಯಾಂಪು ಸೇರಿ, ಮತ್ತೆ ಅದೇ ನೀರಿಗೆ ಬಂದಿದ್ದರು.

ದೋಣಿ ಮಗುಚಿದರೆ ಹೊರಬರುವುದನ್ನು ನನಗೆ ಕಲಿಸಿದ ದಿನ ಚೆನ್ನಾಗಿ ನೆನಪಿದೆ. ಸುಡುಬಿಸಿಲು, ನೀರು ಬೆಚ್ಚಗಿತ್ತು. ಸುಮಾರು ದೂರ ಹೋದ ಮೇಲೆ ಜಯಕ್ಕ ಹುಟ್ಟು ಎತ್ತಿ ನಿಲ್ಲಿಸಿದರು.

'ಇಲ್ಲೇ ಮಗುಚು. ಬಾವಿ ಮ್ಯಾಲಿದ್ದೀಯ, ತಣ್ಣಗಿರ್ತೈತೆ. ಎದರ್ಕೋಬೇಡ.'

ತಮಾಷೆ ಎಂದುಕೊಂಡು ಮಗುಚಿದೆ. ತಲೆ ಕೆಳಗಾಗುತ್ತಲೇ ಮೈಗೆ ಬೇರೆಯೇ ನೀರು ಸೋಕಿತು. ದುಂಡಗೆ, ಒಂದು ಕಂಬದ ಹಾಗೆ ಕೆಳಗಿನಿಂದ ಎದ್ದ ತಣ್ಣೀರು. ಕೈ ಚಾಚಿದರೆ ಬೆಚ್ಚಗೆ, ಎಳೆದುಕೊಂಡರೆ ಮಂಜು. ಮೇಲೆ ಬಂದಾಗ ನನ್ನ ಹಲ್ಲು ಕಟಕಟಿಸುತ್ತಿದ್ದವು. ಜಯಕ್ಕ ಹುರಿಗಡಲೆ ಚಾಚಿ, 'ಸೇದೋ ಬಾವಿ. ಊರೋರೆಲ್ಲ ಇಲ್ಲೇ ಸೇದ್ತಿದ್ದಿದ್ದು' ಎಂದರು. ಆ ಸಂಜೆಯೇ ನಾನು ಉಳಿಯಬಹುದೆಂದು ಕ್ಯಾಂಪಿನವರಿಗೆ ಹೇಳಿದರು.

ಅದಾಗಿ ಕೆಲವು ತಿಂಗಳಿಗೆ ಒಂದು ಕಾರ್ಖಾನೆಯ ಗುಂಪು ಬಂತು. ಅವರಲ್ಲೊಬ್ಬ ಹುಡುಗಾಟದ ಆಸಾಮಿ, ಗೆಳೆಯರ ಜೊತೆ ಪಂಥ ಕಟ್ಟಿ, ನಡುನೀರಿನಲ್ಲಿ ಜಾಕೆಟ್ಟು ಬಿಚ್ಚಿ ಧುಮುಕಿಬಿಟ್ಟ. ಮುಳುಗಿದವನು ಏಳಲಿಲ್ಲ. ನಾವೆಲ್ಲ ಅವನು ಬಿದ್ದ ಜಾಗಕ್ಕೆ ದೋಣಿ ತಿರುಗಿಸಿ ಕೂಗಾಡುತ್ತಿದ್ದರೆ, ಜಯಕ್ಕ ಮಾತ್ರ ಅತ್ತ ನೋಡಲೇ ಇಲ್ಲ. ಬೇರೆಯೇ ದಿಕ್ಕಿಗೆ, ಅಷ್ಟು ದೂರ, ಸರಸರ ಹುಟ್ಟು ಹಾಕಿಕೊಂಡು ಹೋದರು. ತಾವೂ ಜಾಕೆಟ್ಟು ಕಳಚಿ ಮುಳುಗಿದರು. ಎದ್ದಾಗ ಅವರ ಕೈಯಲ್ಲಿ ಅವನ ತಲೆಗೂದಲಿತ್ತು.

ದಂಡೆಗೆ ತಂದ ಮೇಲೆ ಅವನು ನೀರು ಕಕ್ಕಿ, ಉಸಿರಾಡಿ, ಕಂಬಳಿ ಹೊದ್ದು ಕೂತ. ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ವ್ಯಾನು ಬರುವವರೆಗೆ ನಾನು ಪಕ್ಕದಲ್ಲಿದ್ದೆ. ಅವನು ಮೆಲ್ಲಗೆ ಕೇಳಿದ, 'ಅಣ್ಣ, ಕೆಳಗೆ ಯಾರವ್ರೆ?'

'ಯಾರೂ ಇಲ್ಲ. ಯಾಕೆ?'

'ಯಾರೋ ಮುದುಕಿ, "ಯಾರ ಮಗನಪ್ಪಾ ನೀನು?" ಅಂತ ಕೇಳಿದಂಗಾಯ್ತು. ಅಪ್ಪನ ಹೆಸ್ರು ಹೇಳಕ್ಕೆ ಬಾಯಿ ತೆಗೆದೆ, ಅಷ್ಟರಲ್ಲಿ ಈ ಅಕ್ಕ ಎಳೆದ್ರು.'

ಉಸಿರು ಕಟ್ಟಿದವನಿಗೆ ಏನೇನೋ ಕೇಳಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಜಯಕ್ಕ ಬಟ್ಟೆ ಹಿಂಡುತ್ತಿದ್ದರು. ಅವನು ಅಲ್ಲಿದ್ದಾನೆಂದು ಹೇಗೆ ತಿಳಿಯಿತು ಎಂದು ಕೇಳಿದೆ.

'ಗೊತ್ತಿಲ್ದೋರು ಬಂದ್ರೆ ಗುಡಿ ಮುಂದೆ ತಾನೇ ಕೂರಿಸೋದು?' ಎಂದರು. ಯಾವ ಊರಿನಲ್ಲಾದರೂ ಹಾಗೇ ಅಲ್ಲವೇ ಎಂಬಷ್ಟು ಸಹಜವಾಗಿ.

ಮರುವರ್ಷ ಮಳೆ ಕೈಕೊಟ್ಟಿತು. ನೀರು ದಿನದಿನಕ್ಕೂ ಹಿಂದೆ ಸರಿಯಿತು. ಬೇಸಿಗೆಯ ಹೊತ್ತಿಗೆ ಕೆಸರಿನಿಂದ ಗೋಡೆಯ ಬುಡಗಳು, ಚಪ್ಪಡಿಗಳು, ಒಂದು ಒರಳುಕಲ್ಲು ತಲೆಯೆತ್ತಿದವು. ಕ್ಯಾಂಪಿಗೆ ಕೆಲಸವಿರಲಿಲ್ಲ. ಜಯಕ್ಕನಿಗೆ ಹಬ್ಬ ಬಂದಂತಿತ್ತು. ಒಂದು ಬೆಳಿಗ್ಗೆ ಊರು ತೋರಿಸಲು ಅವ್ವನನ್ನೇ ಬಸ್ಸಿನಲ್ಲಿ ಕರೆತಂದರು. ಒಣಗಿದ ಕೆಸರಿನ ಮೇಲೆ ನಾವು ಮೂವರೂ ನಡೆದೆವು. ಜಯಕ್ಕ ಮುಂದೆ, ಅವ್ವ ನನ್ನ ಭುಜ ಹಿಡಿದು ಹಿಂದೆ.

ಜಯಕ್ಕ ಒಂದು ಕಡೆ ನಿಂತರು. ಗುಡಿ ಅಲ್ಲಿರಬೇಕಿತ್ತು. ಬಿರುಕು ಬಿಟ್ಟ ಬರೀ ಬಯಲಿತ್ತು. ಬಾವಿಯ ಜಾಗಕ್ಕೆ ಓಡಿದರು. ಅಲ್ಲೂ ಬಯಲು. ನಾನು ಚಳಿಗೆ ನಡುಗಿದ್ದ ಜಾಗದಲ್ಲಿ ಒಂದು ಕಲ್ಲೂ ಇರಲಿಲ್ಲ.

'ಅಲ್ಲೇನವ್ವ ಹುಡುಕ್ತಿದ್ದೀಯ? ಅದು ಹೊಲ' ಎಂದರು ಅವ್ವ. ಎದುರು ದಿಕ್ಕಿಗೆ ಕೈ ತೋರಿಸಿದರು. 'ಊರು ಅಕಾ, ಆ ಕಡೆ.' ಮೊದಲ ಸಲ ನನ್ನ ಭುಜ ಬಿಟ್ಟು, ತಾವೇ ನೇರ ನಡೆದು, ಒಂದು ಹೊಸಿಲುಕಲ್ಲಿನ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

'ಇದು ನಮ್ಮನೆ. ಬಾವಿ ಅಕಾ, ಆ ಹುಣಿಸೇಮರದ ಮೋಟಿನ ಬುಡದಾಗಿತ್ತು. ಗುಡಿನೇ ಇರ್ನಿಲ್ಲ ಕಣವ್ವ ನಮ್ಮೂರಾಗೆ. ಪೂಜೆಗೆ ಪಕ್ಕದೂರಿಗೆ ಓಯ್ತಿದ್ದೋ.'

ಜಯಕ್ಕ ಅವ್ವನ ಕಡೆ ತಿರುಗಿದರು. 'ಗುಡಿ, ಬಾವಿ, ಎಲ್ಲ ನೀನೇ ಹೇಳ್ತಿದ್ದೆ ಅಲ್ವೇನವ್ವ? ಚಿಕ್ಕೋಳಿದ್ದಾಗ, ಮಲಗಿಸ್ತಾ?'

'ನಾನಾ? ನಿಮ್ಮಪ್ಪ ಊರಿನ ಮಾತೆತ್ತಿದ್ರೆ ಅಳ್ತಿದ್ರು. ನಮ್ಮನೇಲಿ ಯಾರೂ ಎತ್ತನಿಲ್ಲ ಕಣ್ಮಗಾ.'

ಜಯಕ್ಕ ಅವ್ವನ ಮನೆಯ ಹೊಸಿಲನ್ನು ನೋಡಲಿಲ್ಲ. ಆ ಬಯಲನ್ನೇ ನೋಡುತ್ತಿದ್ದರು. ಆಮೇಲೆ ಅವ್ವನ ಕೈ ಹಿಡಿದು, ಹಿಂತಿರುಗದೆ ದಂಡೆ ಹತ್ತಿದರು. ಮಾರನೆಯ ದಿನ ಕ್ಯಾಂಪಿಗೆ ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಮಳೆಗಾಲದಲ್ಲಿ ನೀರು ತುಂಬಿತು. ಜಯಕ್ಕನ ಜಾಗಕ್ಕೆ ನನ್ನನ್ನು ಹಾಕಿದರು. ಹಾಗೆ ನಾನು ಇನ್‌ಸ್ಟ್ರಕ್ಟರ್ ಆದೆ. ಅಪ್ಪ ಮಾತಾಡಿಸತೊಡಗಿದರು. ದಂಡೆಗುಂಟ ನೀರಿನಲ್ಲಿ ಕೆಂಪು ಬಾವುಟ ನೆಡಿಸಿ, ಅದನ್ನು ದಾಟಿ ನಾನು ಯಾರನ್ನೂ ನಡುನೀರಿಗೆ ಬಿಡುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಜಯಕ್ಕ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಸೋಲೂರಿನ ಹತ್ತಿರ ಹಸು ಸಾಕಿಕೊಂಡಿದ್ದೇನೆ ಎಂದರು. ತೋಳು ಸಣ್ಣಗಾಗಿತ್ತು. ಅವ್ವ ಹೇಗಿದ್ದಾರೆ ಎಂದೆ.

'ಓಗ್ಬಿಟ್ರು ಕಣ್ಲಾ. ಸಾಯೋ ಮುಂಚೆ, ಯಾರ ಮನೆ ಪಕ್ಕ ಯಾರ ಮನೆ, ಯಾರ ದನ ಎಲ್ಲಿ ಕಟ್ತಿದ್ರು, ಎಲ್ಲ ಕೂರಿಸ್ಕೊಂಡು ಹೇಳಿಕೊಟ್ರು. ಈಗ ನಮ್ಮೂರು ನಂಗೆ ಬಾಯಿಪಾಠ.' ಬಸ್ಸು ಬರುವ ಕಡೆ ನೋಡುತ್ತ ಅಂದರು, 'ಆದ್ರೂ ಕಣ್ಮುಚ್ಚಿದ್ರೆ ಬರೋದು ಅದೇ ಇನ್ನೊಂದೂರು.'

ಅಷ್ಟರಲ್ಲಿ ಸೋಲೂರಿನ ಬಸ್ಸು ಬಂತು. ಕಿಟಕಿಯ ಪಕ್ಕ ಕೂತರು. ಬಸ್ಸು ತಿರುಗುವಾಗ ಧೂಳೆದ್ದು, ಒಳಗಿದ್ದವರೆಲ್ಲ ಮುಖ ಮುಚ್ಚಿಕೊಂಡರು, ನಾನೂ ಕಣ್ಣು ಕಿರಿದು ಮಾಡಿದೆ. ಜಯಕ್ಕ ಮಾತ್ರ ಅಷ್ಟು ಧೂಳಿನಲ್ಲೂ ರೆಪ್ಪೆ ಮುಚ್ಚದೆ ನೇರ ನೋಡುತ್ತ ಹೋದರು. ನಾನು ಅವರನ್ನು ಕಂಡಿದ್ದು ಅದೇ ಕೊನೆ.